ಕಾಣದ ಒಳಹೆಣಿಗೆಗೆ ಕೊಟ್ಟ ಬೆಲೆ

ಚರ್ಮದ ಚಾಟಿ ಕೊಳ್ಳಲು ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ಎಳೆಯದು?’ ಎಂದು. ನಾಲ್ಕೆಳೆ, ಎಂಟೆಳೆ, ಹನ್ನೆರಡೆಳೆ, ಹದಿನಾರು, ಇಪ್ಪತ್ತನಾಲ್ಕು. ಎಳೆ ಹೆಚ್ಚಿದಷ್ಟೂ ಹೆಣಿಗೆ ನಯವಾಗಿ ಕಾಣುತ್ತದೆ, ಬೆಲೆಯೂ ಏರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಟೂವೂಂಬಾ ಊರಾಚೆ, ತಗಡಿನ ಶೆಡ್ಡಿನಲ್ಲಿ ಒಬ್ಬರೇ ಕೂತು ಚಾಟಿ ಹೆಣೆಯುವ ಹಿರಿಯರೊಬ್ಬರು ಮೊದಲ ದಿನ ನನ್ನೆದುರು ಇಟ್ಟದ್ದು ಮಾತ್ರ ಹೊಸ ಚಾಟಿಯನ್ನಲ್ಲ. ಯಾರೋ ದುರಸ್ತಿಗೆಂದು ತಂದು, ಖರ್ಚು ಕೇಳಿ ಬೇಡವೆಂದು ಬಿಟ್ಟುಹೋದ ಹನ್ನೆರಡೆಳೆಯ ಚಾಟಿಯನ್ನು. ಅದನ್ನು ಅಡ್ಡಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದರು. ಹೊರಗೆ ಕಣ್ಣಿಗೆ ಹಬ್ಬವಾಗುವ ಹೆಣಿಗೆ. ಒಳಗೆ ಸೆಣಬಿನ ಹಗ್ಗ, ಅದರ ಸುತ್ತ ಚರ್ಮದ ಚೂರುಪಾರು. ‘ಹೊಸದರಲ್ಲಿ ಇದೂ ಚೆನ್ನಾಗಿಯೇ ಕಂಡಿರುತ್ತೆ’ ಎಂದರು.

ಆಮೇಲೆ ನಾನು ಕಲಿತದ್ದೆಲ್ಲ ಈ ಒಳಗಿನದರ ಬಗ್ಗೆಯೇ.

ನಾನು ಇಲ್ಲಿನ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಶಬ್ದಕ್ಕಿಂತ ವೇಗವಾಗಿ ಓಡುವುದು ಯಾವುದು ಎಂದು ಕೇಳಿದರೆ ಮಕ್ಕಳಿಗೆ ಯುದ್ಧವಿಮಾನವೇ ನೆನಪಾಗುತ್ತದೆ. ವಿಮಾನ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲು ದನಗಾಹಿಗಳು ಚಾಟಿ ಬೀಸಿಯೇ ಆ ವೇಗ ದಾಟಿದ್ದರು ಎಂದು ಹೇಳಿದರೆ ನಂಬುವುದಿಲ್ಲ. ಚಾಟಿಯ ಛಟೀರ್ ಸದ್ದು ಚರ್ಮಕ್ಕೆ ಚರ್ಮ ಬಡಿದು ಬರುವುದಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಚಾಟಿ ಅದನ್ನು ಮೀರಿದಾಗ ಹುಟ್ಟುವ ಆಘಾತ ತರಂಗವೇ ಆ ಸದ್ದು. ಬಹಳ ಕಾಲ ಎಲ್ಲರೂ ತುದಿಯೊಂದನ್ನೇ ನೋಡುತ್ತಿದ್ದರು. ಅರಿಜೋನಾ ವಿಶ್ವವಿದ್ಯಾಲಯದ ಅಲೈನ್ ಗೊರಿಯೆಲಿ ಮತ್ತು ಟೈಲರ್ ಮೆಕ್‌ಮಿಲನ್ 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಚಾಟಿಯುದ್ದಕ್ಕೂ ಉರುಳಿಕೊಂಡು ಹೋಗುವ ಕುಣಿಕೆಯೇ ಶಬ್ದದ ವೇಗ ಮುಟ್ಟಿ ಈ ಸದ್ದು ಮಾಡುತ್ತದೆ ಎಂದು ಗಣಿತದಲ್ಲಿ ತೋರಿಸಿದರು. ಕೈ ಕೊಟ್ಟ ಶಕ್ತಿ ದಪ್ಪ ಭಾಗದಿಂದ ತೆಳು ಭಾಗಕ್ಕೆ ಹರಿಯುತ್ತದೆ. ಮುಂದೆ ಹೋದಷ್ಟೂ ಹೊರಬೇಕಾದ ತೂಕ ಕಡಿಮೆ, ಹಾಗಾಗಿ ವೇಗ ಹೆಚ್ಚುತ್ತಲೇ ಹೋಗುತ್ತದೆ. ಇದನ್ನು ಕರಿಹಲಗೆಯ ಮೇಲೆ ಬರೆಯುವುದಕ್ಕಿಂತ ಶಾಲೆಯ ಹುಲ್ಲಿನ ಮೈದಾನದಲ್ಲಿ ತೋರಿಸಬೇಕು ಎಂಬುದು ನನ್ನ ಆಸೆ.

ಆಸೆಯ ಬೇರು ಇನ್ನೂ ಹಿಂದಿನದು. ಹಾವೇರಿ ಜಿಲ್ಲೆಯ ನಮ್ಮೂರಿಗೆ ದುರುಗಮುರುಗಿಯವರು ಬರುತ್ತಿದ್ದರು. ಹೆಂಗಸು ದೇವಿಯ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಉರುಮೆ ಬಾರಿಸುವುದು, ಸೊಂಟಕ್ಕೆ ಗೆಜ್ಜೆ ಕಟ್ಟಿದ ಗಂಡಸು ದಪ್ಪ ಚಾಟಿಯನ್ನು ಬೀಸಿ ಬೀಸಿ ಮೈಮೇಲೆ ಎಳೆದುಕೊಳ್ಳುವುದು. ಆ ಸದ್ದಿಗೆ ನಾವು ಹುಡುಗರು ಬಾಗಿಲ ಮರೆಗೆ ಓಡುತ್ತಿದ್ದೆವು. ಅಷ್ಟು ದೊಡ್ಡ ಸದ್ದು ಎಲ್ಲಿಂದ ಬರುತ್ತದೆ ಎಂದು ಆಗ ಕೇಳಿದರೆ ಉತ್ತರ ಕೊಡುವವರಿರಲಿಲ್ಲ.

ಶೆಡ್ಡಿನ ಆ ಹಿರಿಯರಿಗೆ ನನ್ನ ಉದ್ದೇಶ ಹೇಳಿದ್ದೇ ದೊಡ್ಡ ಸಹಾಯವಾಯಿತು. ದನ ಅಟ್ಟುವುದಕ್ಕೋ, ಸ್ಪರ್ಧೆಗೋ, ಗೋಡೆಗೆ ನೇತುಹಾಕುವುದಕ್ಕೋ ಎಂದು ಅವರು ಮೊದಲೇ ಕೇಳಿಬಿಡುತ್ತಾರೆ. ಯಾವ ಕೈ, ಎತ್ತರ ಎಷ್ಟು, ಬೀಸುವ ಜಾಗ ಎಂಥದು, ನೆಲ ಹುಲ್ಲೋ ಕಾಂಕ್ರೀಟೋ ಎಲ್ಲ ವಿಚಾರಿಸಿದರು. ಆಸ್ಟ್ರೇಲಿಯಾದ ದನಗಾಹಿಗಳದು ಸ್ಟಾಕ್‌ವಿಪ್. ಅದರಲ್ಲಿ ಹಿಡಿ ಬೇರೆ, ಚಾಟಿ ಬೇರೆ. ಎರಡನ್ನೂ ಚರ್ಮದ ಕುಣಿಕೆ ಜೋಡಿಸುತ್ತದೆ. ಸಿಡ್ನಿಯ 2000ದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಒಂಟಿ ಸವಾರ ಕುದುರೆಯನ್ನು ಹಿಂಗಾಲ ಮೇಲೆ ನಿಲ್ಲಿಸಿ ಛಟೀರೆನಿಸಿದ್ದು ಅದನ್ನೇ. ಇನ್ನೊಂದು ಬಗೆಯಾದ ಬುಲ್‌ವಿಪ್ಪಿನಲ್ಲಿ ಇಂಥ ಜೋಡಣೆ ಇರುವುದಿಲ್ಲ. ಹಿಡಿಯೊಳಗೆ ಉಕ್ಕಿನ ಸರಳು, ಅದರ ಮೇಲಿನ ಹೆಣಿಗೆಯೇ ಮುಂದುವರಿದು ಹಸುವಿನ ಬಾಲದಂತೆ ಸಪೂರವಾಗುತ್ತ ಹೋಗುತ್ತದೆ. ಕಲಿಯುವವರಿಗೆ ಸ್ಟಾಕ್‌ವಿಪ್ಪೇ ಒಳ್ಳೆಯದು, ಅದು ಬೇಗ ಸದ್ದು ಕೊಡುತ್ತದೆ ಎಂಬುದು ಅವರ ಮಾತು. ಆದರೆ ಅಲೆ ತಡೆಯಿಲ್ಲದೆ ಹರಿಯುವುದನ್ನು ಮಕ್ಕಳಿಗೆ ತೋರಿಸಬೇಕೆಂದಾಗ ಬುಲ್‌ವಿಪ್ಪಿಗೆ ಒಪ್ಪಿದರು.

ಉದ್ದದ ಮಾತು ಬಂದಾಗ ಅವರೇ ನಕ್ಕರು. 1981ರಲ್ಲಿ ಬಂದ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಸಿನಿಮಾದ ಇಂಡಿಯಾನಾ ಜೋನ್ಸ್ ಕೈಯಲ್ಲಿದ್ದದ್ದು ಹತ್ತಡಿಯ ಚಾಟಿ. ಅದನ್ನು ಮಾಡಿಕೊಟ್ಟವರು ಅಮೆರಿಕದ ಡೇವಿಡ್ ಮಾರ್ಗನ್. ಮಾರ್ಗನ್ 1972ರಲ್ಲಿ ಚಾಟಿ ತಯಾರಿಕೆಯ ಬಗ್ಗೆ ಒಂದು ಪುಸ್ತಕವನ್ನೂ ತಂದಿದ್ದರು, ಆ ಶೆಡ್ಡಿನ ಕಪಾಟಿನಲ್ಲಿ ಅದಿದೆ. ಪಕ್ಕದಲ್ಲೇ ಕ್ವೀನ್ಸ್‌ಲ್ಯಾಂಡಿನ ಕುರಂಡಾದಲ್ಲಿದ್ದ ರಾನ್ ಎಡ್ವರ್ಡ್ಸ್ ಬರೆದ ಪುಸ್ತಕಗಳು. ಸಿನಿಮಾ ನೋಡಿದವರೆಲ್ಲ ಹತ್ತಡಿಯದೇ ಬೇಕೆನ್ನುತ್ತಾರಂತೆ. ಉದ್ದ ಹೆಚ್ಚಿದಷ್ಟೂ ತೂಕ, ಬೆಲೆ, ಬೇಕಾಗುವ ಜಾಗ ಎಲ್ಲವೂ ಹೆಚ್ಚು. ಸುತ್ತಲೂ ಚಾಟಿಯ ಎರಡರಷ್ಟು ದೂರ ಯಾರೂ ಇರಬಾರದು ಎಂಬ ಲೆಕ್ಕ ಹಿಡಿದರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ತೋರಿಸುವವನಿಗೆ ಆರಡಿಯದೇ ಸರಿ. ಅಂದಹಾಗೆ ಅಳತೆಯನ್ನೂ ಬಾಯಿಬಿಟ್ಟು ಕೇಳಬೇಕು. ಬುಲ್‌ವಿಪ್ಪಿನ ಉದ್ದದಲ್ಲಿ ಸಾಮಾನ್ಯವಾಗಿ ಹಿಡಿಯೂ ಸೇರಿರುತ್ತದೆ, ಸ್ಟಾಕ್‌ವಿಪ್ಪಿನಲ್ಲಿ ಸೇರುವುದಿಲ್ಲ. ಹೆಣಿಗೆಯ ತುದಿಗೆ ಕಟ್ಟುವ ಒಂಟಿ ಬಾರನ್ನು ಫಾಲ್ ಎನ್ನುತ್ತಾರೆ, ಅದರ ತುದಿಯ ಹುರಿ ಕ್ರ್ಯಾಕರ್. ಇವೆರಡೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆರಡಿಯ ಚಾಟಿ ಎಂದುಕೊಂಡು ತಂದದ್ದು ಬೀಸಿದಾಗ ಎಂಟಡಿಗೂ ಮೀರಿ ಚಾಚುತ್ತದೆ. ಇದು ತಿಳಿಯದೆ ಯಾರೂ ಚಾಟಿ ಎತ್ತಬಾರದು.

ಇನ್ನು ಒಳಗಿನದು. ಅವರು ಅರ್ಧ ಹೆಣೆದಿದ್ದ ಚಾಟಿಯೊಂದನ್ನು ನನ್ನ ಕೈಗೆ ಕೊಟ್ಟು ಒಂದೊಂದೇ ಪದರ ವಿವರಿಸಿದರು. ನಡುವೆ ಚರ್ಮದ ತಿರುಳು. ಅದರ ಮೇಲೆ ಕೆಲವೇ ಎಳೆಗಳ ಒಳಹೆಣಿಗೆ. ಹೆಣಿಗೆಯ ಮೇಲೆ ಅಳತೆಗೆ ಕೊಯ್ದ ಚರ್ಮವನ್ನು ಬಿಗಿಯಾಗಿ ಸುತ್ತಿದ ಹೊದಿಕೆ. ಮತ್ತೆ ಇನ್ನೊಂದು ಒಳಹೆಣಿಗೆ, ಮತ್ತೊಂದು ಹೊದಿಕೆ. ಕೊನೆಗೆ ನಾವು ದುಡ್ಡು ಕೊಟ್ಟು ನೋಡುವ ಹನ್ನೆರಡೆಳೆಯ ಹೊರಮೈ. ಒಂದೊಂದು ಪದರವೂ ಬೇರೆ ಬೇರೆ ಜಾಗದಲ್ಲಿ ಮುಗಿಯುತ್ತದೆ, ಎಳೆಗಳನ್ನೂ ಒಂದೊಂದಾಗಿ ಒಳಗೆ ಬಿಡುತ್ತ ಹೋಗುತ್ತಾರೆ. ಆದ್ದರಿಂದಲೇ ಚಾಟಿ ಎಲ್ಲೂ ಮೆಟ್ಟಿಲು ಬೀಳದೆ ತೆಳುವಾಗುತ್ತದೆ. ಒಂದು ಕಡೆ ಹಠಾತ್ತನೆ ತೂಕ ಇಳಿದರೆ ಅಲ್ಲಿಯೇ ಅಲೆ ಮುರಿಯುತ್ತದೆ, ಶಕ್ತಿ ಮುಂದಕ್ಕೆ ಹೋಗುವುದಿಲ್ಲ. ನಾನು ಸಮೀಕರಣದಲ್ಲಿ ಬರೆಯುವುದನ್ನು ಅವರು ಹೆಬ್ಬೆರಳಿನಲ್ಲಿ ಹುಡುಕುತ್ತಿದ್ದರು. ಹೆಣೆದ ಭಾಗದ ಮೇಲೆ ಬೆರಳಾಡಿಸಿ, ಅನುಮಾನ ಬಂದಲ್ಲಿ ಬಿಚ್ಚಿ, ಮತ್ತೆ ಹೆಣೆಯುವುದು. ಅದನ್ನು ನೋಡಿದ ಮೇಲೆ ನನ್ನ ಪಾಠದ ಬಗ್ಗೆ ನನಗಿದ್ದ ಗೌರವವೂ ಹೆಚ್ಚಿತು, ಅವರ ಕೈಯ ಬಗ್ಗೆ ಇನ್ನೂ ಹೆಚ್ಚಿತು.

ಚರ್ಮ ಕಾಂಗರೂವಿನದು. ಅದರ ನಾರುಗಳು ಮೈಗೆ ಸಮಾನಾಂತರವಾಗಿ ಒತ್ತೊತ್ತಾಗಿ ಹರಡಿರುತ್ತವೆ. ಹಾಗಾಗಿ ತೆಳ್ಳಗೆ ಸೀಳಿದರೂ ದನದ ಚರ್ಮಕ್ಕಿಂತ ಹೆಚ್ಚು ಎಳೆತ ತಡೆಯುತ್ತದೆ. ಸಣ್ಣ ಎಳೆಗಳ ಹೆಣಿಗೆಗೆ ಇದೇ ಬೇಕು. ಹದ ಮಾಡಿದ ಚರ್ಮದಿಂದ ಬಾರು ಕೊಯ್ಯುವಾಗ ಅವರು ಯಂತ್ರ ಮುಟ್ಟುವುದಿಲ್ಲ. ಚೂರಿಯ ಅಲಗು, ಹೆಬ್ಬೆರಳಿನ ಉಗುರು, ಇಷ್ಟೇ ಅಳತೆ. ಕೊಯ್ದ ಎಳೆಯನ್ನು ಎಳೆದು ಹಿಗ್ಗಿಸಿ, ಅಂಚನ್ನು ಓರೆಯಾಗಿ ಹೆರೆದು, ಸಾಬೂನು ಮತ್ತು ಕೊಬ್ಬು ಕುದಿಸಿ ಮಾಡಿದ ಲೇಪ ಸವರಿ ಹೆಣೆಯುತ್ತಾರೆ. ಲೇಪವಿಲ್ಲದಿದ್ದರೆ ಎಳೆಗಳು ಬಿಗಿಯಾಗಿ ಒಂದರ ಪಕ್ಕ ಒಂದು ಕೂರುವುದಿಲ್ಲ.

ಕಾಂಗರೂ ಚರ್ಮದ ಬಗ್ಗೆ ನನ್ನ ಮನೆಯಲ್ಲೇ ಪ್ರಶ್ನೆ ಎದ್ದಿತ್ತು, ಅದು ನ್ಯಾಯವಾದ ಪ್ರಶ್ನೆ. ಇಲ್ಲಿ ಕಾಂಗರೂವನ್ನು ಸಾಕುವುದಿಲ್ಲ. ಕಾಡಿನಲ್ಲಿ ಎಣಿಕೆ ನಡೆಸಿ ರಾಜ್ಯ ಸರ್ಕಾರಗಳು ಮಿತಿ ಗೊತ್ತುಮಾಡುತ್ತವೆ, ಪರವಾನಗಿ ಇರುವವರು ಬೇಟೆಯಾಡುತ್ತಾರೆ. ಇದನ್ನು ಒಪ್ಪದವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಂಗರೂ ಚರ್ಮದ ವಸ್ತು ಮಾರುವಂತೆಯೇ ಇಲ್ಲ. ಎಲ್ಲ ಓದಿ, ಯೋಚಿಸಿ, ಹತ್ತಾರು ವರ್ಷ ಬಾಳುವ ಒಂದೇ ಒಂದು ವಸ್ತು ಕೊಳ್ಳುವುದು ಸರಿ ಎಂದು ನಾನು ತೀರ್ಮಾನಿಸಿದೆ. ಬೇಡವೆನ್ನುವವರಿಗೆ ದನದ ಚರ್ಮದ ಚಾಟಿಗಳಿವೆ, ನೈಲಾನಿನವೂ ಇವೆ.

ಬೆಲೆ ನೂರಾರು ಡಾಲರು. ಚೌಕಾಸಿ ಮಾಡಲು ನನಗೆ ಮನಸ್ಸು ಬರಲಿಲ್ಲ, ಯಾರೂ ಮಾಡಬಾರದು ಎಂದೇ ಹೇಳುತ್ತೇನೆ. ಇಂಥವರ ಬಳಿ ಚೌಕಾಸಿ ಮಾಡಿದರೆ ಮೊದಲು ಇಳಿಯುವುದು ಕಾಣದ ಕಡೆಯ ಕೆಲಸ. ಎರಡನೆಯ ಹೊದಿಕೆಯೊಂದನ್ನು ಬಿಟ್ಟರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕಡಿಮೆ ದುಡ್ಡಿದ್ದರೆ ಹನ್ನೆರಡೆಳೆಯ ಬದಲು ಎಂಟೆಳೆಯದು ಮಾಡಿಕೊಡಿ, ಒಳಗಿನದರಲ್ಲಿ ಏನೂ ಬಿಡಬೇಡಿ ಎಂದು ಕೇಳುವುದು ಸರಿಯಾದ ದಾರಿ. ಹದಿನಾರು ದಾಟಿದ ಎಳೆಗಳು ಬಹುಪಾಲು ಅಂದಕ್ಕೆ. ಅವರು ಮುಂಗಡ ತೆಗೆದುಕೊಳ್ಳಲಿಲ್ಲ. ದುಡ್ಡು ಕೈಗೆ ಬಂದ ಮೇಲೆ ಕೈ ಅವಸರ ಮಾಡುತ್ತದೆ ಎಂದರು. ಮುಂಗಡ ಕೇಳುವ ಪ್ರಾಮಾಣಿಕರೂ ಇದ್ದಾರೆ, ಚರ್ಮಕ್ಕೆ ಮೊದಲೇ ಹಣ ಹೂಡಬೇಕಲ್ಲ. ಕಾಯುವುದಂತೂ ತಪ್ಪದು. ತಿಂಗಳುಗಳು ಕಳೆದವು. ನಡುವೆ ಮಳೆಗಾಲದ ತೇವದಲ್ಲಿ ಕೆಲಸ ನಿಲ್ಲಿಸಿದ್ದೇನೆ ಎಂದು ಅವರೇ ಫೋನು ಮಾಡಿದಾಗ ನನಗೆ ಬೇಸರಕ್ಕಿಂತ ಸಮಾಧಾನವೇ ಆಯಿತು.

ಚಾಟಿ ಸಿದ್ಧವಾದ ದಿನ ಪರೀಕ್ಷಿಸುವುದನ್ನೂ ಅವರೇ ಕಲಿಸಿದರು. ಹಿಡಿಯನ್ನು ಅಡ್ಡಲಾಗಿ ಹಿಡಿದರೆ ಚಾಟಿ ಹಿಡಿಯ ಕೊನೆಯಲ್ಲಿ ಮುರಿದಂತೆ ಬೀಳಬಾರದು, ಬಿಲ್ಲಿನಂತೆ ಬಾಗಿ ಇಳಿಯಬೇಕು. ಕಣ್ಣು ಮುಚ್ಚಿ ಎರಡು ಬೆರಳ ನಡುವೆ ಇಡೀ ಉದ್ದವನ್ನು ಎಳೆದರೆ ಉಬ್ಬಾಗಲಿ ಪೊಳ್ಳಾಗಲಿ ಸಿಗಬಾರದು. ಎಳೆಗಳ ನಡುವೆ ಸಂದು ಇರಬಾರದು. ಹೊಸ ಚಾಟಿ ಗಡುಸಾಗಿರಬೇಕು; ಮೊದಲ ದಿನವೇ ಮೆತ್ತಗಿದ್ದರೆ ಒಳಗೆ ಬಿಗಿ ಇಲ್ಲವೆಂದೇ ಅರ್ಥ. ಅದನ್ನು ಕೈಯಲ್ಲಿ ಮಡಚಿ ಹಿಂಡಿ ಮೆದು ಮಾಡಲು ಹೋಗಬಾರದು, ನಿಧಾನವಾಗಿ ಬೀಸುತ್ತ ಬೀಸುತ್ತ ಅದೇ ಪಳಗುತ್ತದೆ.

ಮೊದಲು ತಲೆಯ ಮೇಲೆ ಸುತ್ತಿಸಿ ಬೀಸುವುದನ್ನು ತಮ್ಮ ಹಿತ್ತಲ ಬಯಲಿನಲ್ಲಿ ತೋರಿಸಿದರು. ಬಲ ಬೇಡ, ಹೊತ್ತು ಗೊತ್ತಿರಬೇಕು ಅಷ್ಟೆ. ಕಣ್ಣಿಗೆ ಕನ್ನಡಕ, ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ ಇವು ಕಡ್ಡಾಯ. ನಮ್ಮ ಶಾಲೆಯಲ್ಲಿ ಮಕ್ಕಳು ದೂರದ ಗೆರೆಯ ಆಚೆ ನಿಂತೇ ನೋಡುತ್ತಾರೆ. ಫೋನಿನಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿ ಕುಣಿಕೆ ಸಾಗುವುದನ್ನು ಬಿಡಿಬಿಡಿಯಾಗಿ ನೋಡಿದಾಗ ಅವರಿಂದ ಬರುವ ಪ್ರಶ್ನೆಗಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕ್ರ್ಯಾಕರ್ ಬೇಗ ಚಿಂದಿಯಾಗುತ್ತದೆ, ದಾರ ಹೊಸೆದು ಹೊಸದು ಮಾಡುವುದನ್ನು ಈಗ ಮಕ್ಕಳೇ ಕಲಿತಿದ್ದಾರೆ. ಫಾಲ್ ಸವೆದರೆ ಬದಲಿಸಬಹುದು. ಹೆಣಿಗೆಯ ಮೈಗೆ ಮಾತ್ರ ನೀರು, ಕಾಂಕ್ರೀಟು, ಸುಡುಬಿಸಿಲಿಗೆ ಬಿಟ್ಟ ಕಾರಿನೊಳಗಿನ ಕಾವು ಮೂರೂ ಶತ್ರು. ಅತಿಯಾಗಿ ಎಣ್ಣೆ ಕುಡಿಸುವುದೂ ಕೆಡುಕೇ; ಚರ್ಮ ಬಲ ಕಳೆದುಕೊಂಡು ಹಿಗ್ಗುತ್ತದೆ. ಚರ್ಮಕ್ಕೆಂದೇ ಇರುವ ಮುಲಾಮು ಆಗೊಮ್ಮೆ ಈಗೊಮ್ಮೆ ತೆಳ್ಳಗೆ ಸವರಿ, ಸಡಿಲವಾಗಿ ಸುರುಳಿ ಮಾಡಿ ಇಟ್ಟರೆ ಸಾಕು.

ಆ ಶೆಡ್ಡಿನಲ್ಲಿ ಅವರೆದುರು ಕುರ್ಚಿ ಹಾಕಿಕೊಂಡು, ಅವರ ಹೆಂಡತಿ ತಂದ ಚಹಾ ಕುಡಿಯುತ್ತ ಕೂತಾಗ ನಮ್ಮೂರೇ ಕಣ್ಣ ಮುಂದೆ ಬರುತ್ತಿತ್ತು. ನೊಗದ ಮಿಣಿ, ಬಾರುಕೋಲಿನ ಬಾರು, ಚಪ್ಪಲಿ ಎಲ್ಲ ಮಾಡಿಕೊಡುವ ಮನೆತನ ನಮಗೂ ಇತ್ತು. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಆಯದ ಕಾಳು ಹೋಗುತ್ತಿತ್ತು, ಹರಿದದ್ದನ್ನು ವರ್ಷವಿಡೀ ಅವರೇ ಹೊಲಿದುಕೊಡಬೇಕು. ಮಾಡುವವರಿಗೆ ನಮ್ಮ ಎತ್ತಿನ ಕೊರಳಿನ ಅಳತೆ ಗೊತ್ತಿತ್ತು. ಆದರೆ ಆ ಮನೆತನದ ಅಜ್ಜ ನಮ್ಮ ಜಗಲಿ ಹತ್ತಿದ್ದನ್ನು ನಾನು ನೋಡಿಲ್ಲ. ಎತ್ತಿನ ಮೈಮೇಲೆ ಅವರ ಕೆಲಸ ದಿನವಿಡೀ ಇರುತ್ತಿತ್ತು, ಅವರು ಮಾತ್ರ ಅಂಗಳದಲ್ಲಿ ನಿಲ್ಲಬೇಕು. ಚರ್ಮದ ಕೆಲಸದಲ್ಲಿ ಎಷ್ಟು ಬುದ್ಧಿ ಅಡಗಿದೆ ಎಂದು ತಿಳಿಯಲು ನಾನು ಸಮುದ್ರ ದಾಟಬೇಕಿರಲಿಲ್ಲ. ಅದು ನಮ್ಮ ಅಂಗಳದಲ್ಲೇ ನಿಂತಿತ್ತು, ಕೂರಿಸಿ ಕೇಳುವ ರೂಢಿಯನ್ನು ನಮ್ಮ ಜಾತಿ ಕಿತ್ತುಕೊಂಡಿತ್ತು. ಈ ಮಾತನ್ನು ಊರಿಗೆ ಹೋದಾಗ ಅಪ್ಪನ ಎದುರು ಹೇಳಿದೆ. ಅವರು ಒಪ್ಪಿದರು. ಟ್ರ್ಯಾಕ್ಟರ್ ಬಂದ ಮೇಲೆ ಮಿಣಿ ಮಾಡುವವರೇ ಉಳಿದಿಲ್ಲ, ಆ ಮನೆಯ ಮೊಮ್ಮಕ್ಕಳು ಹುಬ್ಬಳ್ಳಿಯಲ್ಲಿ ಬೇರೆ ಕೆಲಸದಲ್ಲಿದ್ದಾರೆ ಎಂದರು. ಆ ಮನೆಯವರು ಆ ಕೆಲಸ ಬಿಟ್ಟದ್ದು ಸರಿಯಾಗಿಯೇ ಇದೆ. ಕೈಯಲ್ಲಿದ್ದ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲ ಎಂಬ ಸಂಕಟ ಮಾತ್ರ ನನಗೆ ಉಳಿದಿದೆ.

ಬೆಂಗಳೂರಿನ ಗೆಳೆಯನೊಬ್ಬ ನನ್ನ ಚಾಟಿಯ ಚಿತ್ರ ನೋಡಿ, ಬರುವಾಗ ಇಂಥದೊಂದು ತಾ ಎಂದು ಬರೆದಿದ್ದ. ಎಲ್ಲಿ ಬೀಸುತ್ತೀಯಾ ಎಂದು ಕೇಳಿದೆ. ಅಪಾರ್ಟ್‌ಮೆಂಟಿನ ತಾರಸಿ ಎಂದ. ಹಾಗಿದ್ದರೆ ಬೇಡ, ಮೊದಲು ಒಂದು ಬಯಲು ಹುಡುಕು, ಪ್ಯಾರಾಶೂಟ್ ಹಗ್ಗದಲ್ಲಿ ಹೆಣೆದ ನೈಲಾನ್ ಚಾಟಿ ಕಡಿಮೆ ಬೆಲೆಗೆ ಸಿಗುತ್ತದೆ, ಮಳೆಗೂ ಜಗ್ಗುವುದಿಲ್ಲ, ಅದರಲ್ಲಿ ಕಲಿ ಎಂದೆ. ಅವನು ಕನಕಪುರ ರಸ್ತೆಯ ಆಚೆ ನೆಂಟರ ತೋಟಕ್ಕೆ ಹೋಗಿ ಕಲಿಯುತ್ತಿದ್ದಾನೆ. ಕೈ ಕುದುರಿದ ಮೇಲೂ ಚರ್ಮದ್ದೇ ಬೇಕೆನಿಸಿದರೆ ಹಿರಿಯರ ನಂಬರು ಕೊಡುತ್ತೇನೆ. ಎಷ್ಟು ಉದ್ದ, ಎಷ್ಟು ಎಳೆ ಎಂಬುದನ್ನು ಅವನೇ ಅವರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಲಿ.