ತೊಟ್ಟಿಲು ಕಟ್ಟಿದವರನ್ನು ಯಾವ ಭಾಷೆಯಲ್ಲಿ ಮಾತಾಡಿಸುವುದು?

ಪ್ರಶ್ನೆ: ಬೆಳಗಾವಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಸಮಾಜಶಾಸ್ತ್ರದ ಪ್ರಾಜೆಕ್ಟಿಗೆ ‘ಖಾನಾಪುರ ತಾಲ್ಲೂಕಿನಲ್ಲಿ ಸಾಮಾಜಿಕ ಬದಲಾವಣೆ’ ಎಂದು ವಿಷಯ ಕೊಟ್ಟಿದ್ದೇನೆ. ನೂರು ಜನರಿಂದ ಪ್ರಶ್ನಾವಳಿ ತುಂಬಿಸಿದರೆ ಸಾಕೇ?
— ಒಬ್ಬ ವಿದ್ಯಾರ್ಥಿನಿ

ಉತ್ತರ: ಪಾಸಾಗಲು ಸಾಕು. ಶೇಕಡಾವಾರು ಕೋಷ್ಟಕ ಬರುತ್ತದೆ, ಬೈಂಡಿಂಗೂ ಆಗುತ್ತದೆ. ಆಮೇಲೆ ಅದನ್ನು ನೀವೇ ಓದುವುದಿಲ್ಲ.

ಇಡೀ ತಾಲ್ಲೂಕನ್ನು ಬಿಡಿ. ಖಾನಾಪುರಕ್ಕೆ ಬಸ್ಸು ಹತ್ತಿ, ಅಲ್ಲಿಂದ ನಂದಗಡಕ್ಕೆ ಹೋಗಿ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಬ್ರಿಟಿಷರು ಗಲ್ಲಿಗೇರಿಸಿದ್ದು ಅಲ್ಲೇ. ಅವನ ಸಮಾಧಿಯ ಆಲದ ಮರಕ್ಕೆ, ಮಕ್ಕಳಾಗಲೆಂದು ಹರಕೆ ಹೊತ್ತವರು ಪುಟ್ಟ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಕಿತ್ತೂರಿಗಾಗಿ ಕತ್ತಿ ಹಿಡಿದವನ ಬಳಿ ಸಂತಾನ ಬೇಡುವುದು ಯಾವಾಗ, ಹೇಗೆ ಶುರುವಾಯಿತು? ತೊಟ್ಟಿಲು ಮಾಡಿಕೊಡುವವರು ಯಾರು? ಮಗು ಹುಟ್ಟಿದ ಮೇಲೆ ಮತ್ತೆ ಬರುತ್ತಾರೆಯೇ? ಒಂದು ವರ್ಷಕ್ಕೆ ಇಷ್ಟು ಕೆಲಸ ಬೇಕಾದಷ್ಟಾಯಿತು.

ಇನ್ನು ಭಾಷೆ. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಆಡುವುದು ಮರಾಠಿ. ನೀವು ‘ಹರಕೆ’ ಎಂದರೆ ಒಂದು ಉತ್ತರ, ‘ನವಸ’ ಎಂದರೆ ಇನ್ನೊಂದು ಉತ್ತರ ಬರಬಹುದು, ಎರಡನ್ನೂ ಬರೆದುಕೊಳ್ಳಿ. ಪ್ರಶ್ನಾವಳಿಯ ಶುರುವಿನಲ್ಲೇ ‘ಮಾತೃಭಾಷೆ’ ಎಂಬ ಕಾಲಂ ಇಟ್ಟಿದ್ದರೆ ಮೊದಲು ಅದನ್ನು ಹೊಡೆದುಹಾಕಿ. ಕರ್ನಾಟಕ-ಮಹಾರಾಷ್ಟ್ರ ಗಡಿಯ ಬಗೆಗಿನ ಮಹಾಜನ ವರದಿ ಬಂದದ್ದು 1967ರಲ್ಲಿ, ಜಗಳ ಇನ್ನೂ ಮುಗಿದಿಲ್ಲ; ಬೆಳಗಾವಿಯಲ್ಲಿ ಆ ಪ್ರಶ್ನೆ ಕೇಳಿದರೆ ನೀವು ಯಾವ ಪಕ್ಷದವರು ಎಂದು ಎದುರಿನವರು ಲೆಕ್ಕ ಹಾಕತೊಡಗುತ್ತಾರೆ. ತೊಟ್ಟಿಲು ಕಟ್ಟಲು ಬಂದಾಕೆ ಜೊತೆಗೆ ಬಂದವರೊಡನೆ ಏನು ಮಾತಾಡುತ್ತಾಳೆಂದು ಕಿವಿಗೊಡಿ, ಸಾಕು.

ಮರ ಬೇಡವೆಂದರೆ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ 2003ರಲ್ಲೇ ಸಿಕ್ಕಿತು. ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ 2020ರಲ್ಲಿ. ಒಂದೇ ಜನ, ನಡುವೆ ಜಿಲ್ಲೆಯ ಗಡಿ, ಹದಿನೇಳು ವರ್ಷ. ಇದೂ ಒಳ್ಳೆಯ ವಿಷಯವೇ, ಆದರೆ ಕಾಡಿನೂರುಗಳಿಗೆ ಹಲವು ಸಲ ಹೋಗಿಬರಬೇಕು.

ಟಿಪ್ಪಣಿಯನ್ನು ಅದೇ ರಾತ್ರಿ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿದ್ದು ಬರೆದುಕೊಂಡು, ಆಮೇಲೆ ಒಪ್ಪವಾಗಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಅವರು ಹೆಚ್ಚಾಗಿ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ನಮಗೆ ನಿಮಗೆ ಅಂಥ ನೆನಪಿನ ಶಕ್ತಿ ಎಲ್ಲಿಂದ ಬರಬೇಕು!

ಮರದ ಕೆಳಗೆ ಮಾತ್ರ ಮೊದಲ ದಿನ ಮೊಬೈಲು ತೆಗೆಯಬೇಡಿ. ತೊಟ್ಟಿಲು ಕಟ್ಟಲು ಬಂದವಳು ಮನೆಯಲ್ಲಿ ಹೇಳದೆಯೂ ಬಂದಿರಬಹುದು. ವಿಷಯ ಬದಲಿಸಲು ಗೈಡ್ ಒಪ್ಪದಿದ್ದರೆ ಹಳೆಯ ಶೀರ್ಷಿಕೆಯನ್ನೇ ಇಟ್ಟು, ಕೆಳಗೆ ಸಣ್ಣಕ್ಷರದಲ್ಲಿ ‘ನಂದಗಡದ ಒಂದು ಮರ’ ಎಂದು ಸೇರಿಸಿಬಿಡಿ.