ನಿಯಮ ಬದಲಾದರೆ ನಂಬಿಕೆ ಬದಲಾಗಬೇಕೆ?



ಗಿಲ್ಲೆಸುಗೂರಿನ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಒಂಬತ್ತು ತಿಂಗಳ ಕೂಸಿಗೆ ದಡಾರದ ಲಸಿಕೆ ಹಾಕಿಸಬೇಕೆಂದು ನೆನಪಿಸಲು ಆಶಾ ಕಾರ್ಯಕರ್ತೆ ಬಂದಿದ್ದಾಳೆ. ಅಜ್ಜಿ ಒಳಗಿನಿಂದಲೇ ಹೇಳುತ್ತಾಳೆ: "ಕೊರೊನಾದಾಗ ನಿನ್ನಿ ಒಂದು ಹೇಳಿದ್ರಿ, ಇವತ್ತೊಂದು ಹೇಳಿದ್ರಿ. ಇನ್ನ ಯಾವ ಸೂಜಿನೂ ಬ್ಯಾಡ, ಹೋಗವ್ವ."

ಅಜ್ಜಿಯನ್ನು ಮೂಢಳೆಂದು ತಳ್ಳಿಹಾಕಬೇಡಿ. ಆಕೆಯ ಬೇಸರ ನಮ್ಮೆಲ್ಲರ ಬೇಸರ. ಆದರೆ ಆ ಬೇಸರದ ಬೆಲೆಯನ್ನು ಈಗ ತೆರಬೇಕಾದದ್ದು ಏನೂ ಅರಿಯದ ಕೂಸು. ಆದ್ದರಿಂದ ಕೊರೊನಾ ಕಾಲದಲ್ಲಿ ನಿಯಮಗಳು ಏಕೆ ಬದಲಾದವು ಎಂಬುದನ್ನು ಸಮಾಧಾನದಿಂದ ವಿಚಾರಿಸೋಣ. ಬದಲಾವಣೆಗಳೆಲ್ಲ ಒಂದೇ ತರಹದವಲ್ಲ.

ಮೊದಲನೆಯದು, ತಿಳಿವಳಿಕೆ ಬೆಳೆದದ್ದರಿಂದ ಆದ ಬದಲಾವಣೆ. 2020ರ ಮಾರ್ಚ್‌ನಲ್ಲಿ, ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಮಾತ್ರ ಮಾಸ್ಕ್ ಸಾಕು ಎಂದರು. ಏಪ್ರಿಲ್‌ನಲ್ಲಿ, ಮನೆಯಲ್ಲೇ ಹೊಲಿದ ಮಾಸ್ಕ್ ಎಲ್ಲರೂ ಧರಿಸುವುದು ಒಳ್ಳೆಯದು ಎಂದರು. ಕೆಮ್ಮು, ಜ್ವರ ಇಲ್ಲದವರಿಂದಲೂ ರೋಗ ಹರಡುತ್ತದೆಂಬುದು ಈ ನಡುವೆ ಸ್ಪಷ್ಟವಾಗುತ್ತಿತ್ತು. ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್‌ಗಳ ನಡುವಿನ ಅಂತರ ಮೊದಲು 4ರಿಂದ 6 ವಾರ. 2021ರ ಮಾರ್ಚ್‌ನಲ್ಲಿ 6ರಿಂದ 8 ವಾರ. ಮೇ 13ರಂದು 12ರಿಂದ 16 ವಾರವಾಯಿತು. ಅಂತರ ಹೆಚ್ಚಿದರೆ ರಕ್ಷಣೆಯೂ ಹೆಚ್ಚುತ್ತದೆಂದು ಬ್ರಿಟನ್ನಿನ ಅನುಭವವನ್ನು ಆಧಾರವಾಗಿ ಕೊಟ್ಟರು. ಆದರೆ ಅದೇ ದಿನಗಳಲ್ಲಿ ಲಸಿಕೆಯ ಅಭಾವವೂ ಇತ್ತು. ಕೂಲಿ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗಿ ಬರಿಗೈಲಿ ಮರಳಿದವರಿಗೆ ಸಂಶಯ ಬಂದರೆ ಅದು ಅವರ ತಪ್ಪೆ?

ಎರಡನೆಯದು, ಪರಿಸ್ಥಿತಿ ಬದಲಾದದ್ದರಿಂದ ಆದದ್ದು. 2020ರ ಏಪ್ರಿಲ್ ಕೊನೆಗೆ ಕೇಂದ್ರ ಸರ್ಕಾರ ಹೊರಡಿಸಿದ ಪಟ್ಟಿಯಲ್ಲಿ ರಾಯಚೂರು ಹಸಿರು ವಲಯ. ತುಂಗಭದ್ರೆಯ ಆಚೆಯ ಕರ್ನೂಲು ಕೆಂಪು ವಲಯ. ಮೇ ತಿಂಗಳಲ್ಲಿ, ದುಡಿಯಲು ಹೊರರಾಜ್ಯಗಳಿಗೆ ಹೋಗಿದ್ದ ನಮ್ಮವರು ಊರಿಗೆ ಮರಳಿದರು. ರಾಯಚೂರಿನಲ್ಲೂ ಸೋಂಕು ಕಾಣಿಸಿಕೊಂಡಿತು. ಮಳೆ ಬಂದಾಗ ಕೊಡೆ ಬಿಚ್ಚುವುದನ್ನು ಯಾರೂ ಚಂಚಲತೆ ಎನ್ನುವುದಿಲ್ಲ.

ಮೂರನೆಯದು, ಆಳುವವರು ಆತುರದಲ್ಲಿ ನಿರ್ಧರಿಸಿ ಹಿಂದೆ ಸರಿದದ್ದು. 2020ರ ಡಿಸೆಂಬರ್ 23ರಂದು ನಮ್ಮ ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಘೋಷಿಸಿದರು. ಅದೇ ದಿನ ಅದರ ವೇಳೆಯನ್ನು ಬದಲಿಸಿದರು. ಮರುದಿನ, ಕ್ರಿಸ್ತಜಯಂತಿಯ ಮುನ್ನಾದಿನ, ಜಾರಿಗೆ ಬರುವ ಮೊದಲೇ ಹಿಂತೆಗೆದುಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರಗಳಲ್ಲಿ ಮಾಸ್ಕ್ ಧರಿಸದವರ ದಂಡ ಸಾವಿರ ರೂಪಾಯಿಗೆ ಏರಿ, ಕೆಲವೇ ದಿನಗಳಲ್ಲಿ 250ಕ್ಕೆ ಇಳಿದಿತ್ತು. ಇಂಥದನ್ನು ಪ್ರಶ್ನಿಸುವುದು ಪ್ರಜೆಗಳ ಹಕ್ಕು. ಆದರೆ ಈ ಮೂರನೆಯದರ ಮೇಲಿನ ಸಿಟ್ಟನ್ನು ಮೊದಲ ಎರಡರ ಮೇಲೆ ತೀರಿಸಿಕೊಳ್ಳಬಾರದು. ಅಜ್ಜಿ ಎಡವಿದ್ದು ಇಲ್ಲಿಯೇ.

ಪವಿತ್ರ ಗ್ರಂಥದಲ್ಲಿ ಯಾಜಕಕಾಂಡದ 13ನೆಯ ಅಧ್ಯಾಯವನ್ನು ತೆರೆದು ನೋಡಿ. ಚರ್ಮದ ಮೇಲೆ ಮಚ್ಚೆ ಕಂಡವನನ್ನು ಯಾಜಕನ ಬಳಿಗೆ ಕರೆತರುತ್ತಾರೆ. ರೋಗ ಹೌದೋ ಅಲ್ಲವೋ ಸ್ಪಷ್ಟವಾಗದಿದ್ದರೆ ಏಳು ದಿನ ಅವನನ್ನು ಬೇರೆ ಇರಿಸಬೇಕು. ಮತ್ತೆ ಪರೀಕ್ಷಿಸಿ ಇನ್ನೂ ಏಳು ದಿನ ಇರಿಸಬೇಕು. ಆ ಮೇಲೆ ಮಚ್ಚೆ ಮಾಸಿದ್ದರೆ ಶುದ್ಧನೆಂದು ಕಳುಹಿಸಬೇಕು. ಮೊದಲ ದಿನವೇ ತಿಳಿದವನಂತೆ ತೀರ್ಪು ಕೊಡಲು ಯಾಜಕನಿಗೆ ಅಪ್ಪಣೆಯಿಲ್ಲ. ಮತ್ತೆ ನೋಡಿ ಮಾತು ಬದಲಿಸುವುದು ಅಲ್ಲಿ ಅವನ ಕರ್ತವ್ಯದ ಒಂದು ಭಾಗ.

ನಮ್ಮ ದೇವಾಲಯಗಳಲ್ಲೂ ಹೀಗೆಯೇ ನಡೆಯಿತಲ್ಲವೆ? 2020ರ ಪಾಸ್ಖ ಹಬ್ಬವನ್ನು ಮನೆಯಲ್ಲೇ ಆಚರಿಸಿದೆವು. ಜೂನ್ 8ರಿಂದ ದೇವಾಲಯಗಳನ್ನು ತೆರೆಯಲು ಅನುಮತಿ ಸಿಕ್ಕಿತು. ಆದರೆ ತೀರ್ಥ ಚಿಮುಕಿಸುವಂತಿರಲಿಲ್ಲ, ಗಾಯನವೃಂದ ಹಾಡುವಂತಿರಲಿಲ್ಲ, 65 ದಾಟಿದ ಹಿರಿಯರು ಮನೆಯಲ್ಲೇ ಇರಬೇಕೆಂಬ ಸಲಹೆಯಿತ್ತು. 2021ರ ಏಪ್ರಿಲ್‌ನಲ್ಲಿ ಬಾಗಿಲು ಮತ್ತೆ ಮುಚ್ಚಿತು. ಬಲಿಪೂಜೆಗೆ ಹೋಗದ ಭಾನುವಾರಗಳಲ್ಲಿ ನಾವು ವಿಶ್ವಾಸವನ್ನು ಬಿಟ್ಟಿರಲಿಲ್ಲ. ನಿಯಮ ಬದಲಾಗುತ್ತಿತ್ತು, ನೆರೆಯವನ ಜೀವ ಕಾಯಬೇಕೆಂಬ ಉದ್ದೇಶ ಬದಲಾಗಲಿಲ್ಲ.

ಕೊರೊನಾ ಕುರಿತ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಬೇಸರ ಮಾತ್ರ ಇನ್ನೂ ಮನೆಗಳಲ್ಲಿ ಉಳಿದಿದೆ. ಆದ್ದರಿಂದ ಮುಂದೆ ಆರೋಗ್ಯದ ಯಾವ ಸೂಚನೆ ಬಂದರೂ ಮೂರು ಪ್ರಶ್ನೆ ಕೇಳಿ: ಇದು ಯಾರನ್ನು ಕಾಪಾಡಲು? ಹಿಂದಿನದು ಏಕೆ ಬದಲಾಯಿತು? ಇದನ್ನು ಹೇಳಿದವರು ಯಾರು, ವೈದ್ಯರೋ, ಮೊಬೈಲಿನಲ್ಲಿ ಬಂದ ಸುದ್ದಿಯೋ? ಹೇಳುವ ಸ್ಥಾನದಲ್ಲಿರುವವರಿಗೂ ಒಂದು ಮಾತು: ನಿಯಮದ ಜೊತೆಗೆ ಅದರ ಕಾರಣವನ್ನೂ ಜನರ ಭಾಷೆಯಲ್ಲಿ ತಿಳಿಸಿ. ನಿನ್ನೆ ತಪ್ಪಾಗಿದ್ದರೆ ಒಪ್ಪಿಕೊಳ್ಳಿ. ತಪ್ಪೊಪ್ಪಿಕೊಂಡವನನ್ನು ನಂಬುವುದು ಸುಲಭ.

ಆ ಅಜ್ಜಿಯ ಮನೆಗೆ ಮರಳೋಣ. ಆಶಾ ಕಾರ್ಯಕರ್ತೆ ವಾದಿಸದೆ ಕಟ್ಟೆಯ ಮೇಲೆ ಕುಳಿತು, "ಅವ್ವಾ, ಆಗ ರೋಗ ಹೊಸದಿತ್ತು, ನಮಗೂ ತಿಳಿದಿದ್ದಿಲ್ಲ. ದಡಾರ ಹಳೇ ರೋಗ, ಈ ಸೂಜಿ ನಿನ್ನ ಮಕ್ಕಳ ಕಾಲದ್ದು" ಎಂದರೆ ಹೇಗೆ? ಅಂಥ ಮಾತನ್ನು ಈ ವಾರ ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ನೀವೇ ಏಕೆ ಆಡಬಾರದು? ಕೂಸಿನ ಲಸಿಕೆ ಕಾರ್ಡು ತೆಗೆದು, ಬಾಕಿ ಉಳಿದದ್ದು ಏನೆಂದು ಇಂದೇ ನೋಡಿ.