ಮಾತ್ರೆ ಏರುವ ವೇಗ

ಫಿಟ್ಸ್ ಎಂದು ಖಚಿತವಾದ ಮನೆಯಲ್ಲಿ ಎಲ್ಲರಿಗೂ ಒಂದೇ ಅವಸರ: ಮತ್ತೆ ಬರಬಾರದು. ಕಾಲೇಜಿಗೆ ಹೋಗುವ ನಮ್ಮ ಮಗಳಿಗೆ ಡಾಕ್ಟರು ಬರೆದದ್ದು ಲ್ಯಾಮೊಟ್ರಿಜಿನ್. ಎರಡು ವಾರ ದಿನಕ್ಕೆ 25 ಮಿಲಿಗ್ರಾಂ, ಮತ್ತೆರಡು ವಾರ 50, ಆಮೇಲೆ ನೂರರತ್ತ. ಮಂಗಳೂರಿನಲ್ಲೇ ಬಿಜೈಯಲ್ಲಿರುವ ನೆಂಟರ ಹುಡುಗನಿಗಾದರೋ ಲೆವೆಟಿರಾಸಿಟಮ್ ಮೊದಲ ದಿನದಿಂದಲೇ ಎರಡು ಹೊತ್ತು 500. ‘ನಿಮ್ಮ ಡಾಕ್ಟರಿಗೆ ಧೈರ್ಯ ಸಾಲದು’ ಎಂದರು ಅವರು.

ಕೇಳಿದಾಗ ಡಾಕ್ಟರು ಬಿಡಿಸಿ ಹೇಳಿದರು. ಲ್ಯಾಮೊಟ್ರಿಜಿನ್ ಬೇಗ ಏರಿಸಿದರೆ ಚರ್ಮ ಸುಲಿದು ಜೀವಕ್ಕೇ ಕುತ್ತಾಗುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮಿನ ಅಪಾಯ ಹೆಚ್ಚು. ವಾಲ್ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಮದ್ದು ಜೊತೆಗಿದ್ದರೆ ಲ್ಯಾಮೊಟ್ರಿಜಿನ್ ದೇಹದಿಂದ ಇನ್ನೂ ನಿಧಾನ ಹೊರಹೋಗುತ್ತದೆ; ಆಗ ದಿನ ಬಿಟ್ಟು ದಿನ 25ರಿಂದಲೇ ಶುರು. ವಾಲ್ಪ್ರೊಯೇಟನ್ನೇ ಕೊಡಬಹುದಿತ್ತಲ್ಲ ಎಂದರೆ, ಮುಂದೆ ಗರ್ಭದಲ್ಲಿರುವ ಮಗುವಿಗೆ ಅದು ಹಾನಿ ಮಾಡಬಲ್ಲದು, ಹಾಗಾಗಿ ಹುಡುಗಿಯರಿಗೆ ಆದಷ್ಟು ತಪ್ಪಿಸುತ್ತಾರೆ. ಲೆವೆಟಿರಾಸಿಟಮ್ ಬೇಗ ಏರುತ್ತದೆ ನಿಜ, ಕೆಲವರಿಗೆ ಅದರಿಂದ ವಿಪರೀತ ಸಿಡುಕು. ನೆಂಟರ ಮನೆಯಲ್ಲಿ ಆದದ್ದೂ ಅದೇ.

ಮದ್ದು ಶುರುವಾದದ್ದು ಏಪ್ರಿಲ್‌ನಲ್ಲಿ. ಮಂಗಳೂರಿನ ಸೆಕೆಗೆ ಕುತ್ತಿಗೆಯಲ್ಲಿ ಬೆವರುಗುಳ್ಳೆ ಏಳುವುದು ಇಲ್ಲಿ ಮಾಮೂಲು. ‘ಯಾವ ಗುಳ್ಳೆ ಎಂದು ನೀವು ತೀರ್ಮಾನಿಸಬೇಡಿ, ಅಂದೇ ತೋರಿಸಿ’ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗುಳ್ಳೆ ಎದ್ದಾಗ ಪೌಡರ್ ಹಾಕದೆ ಹೋಗಿ ತೋರಿಸಿದೆವು, ಸೆಕೆಯದ್ದೇ ಎಂದರು. ಜೊತೆಗೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು ಇದ್ದರೆ ನೇರ ತುರ್ತು ಚಿಕಿತ್ಸೆಗೆ ಓಡಬೇಕು.

ಪೂರ್ತಿ ಡೋಸ್ ತಲುಪುವ ತನಕ ಫಿಟ್ಸ್ ಬರಬಹುದೆಂದೇ ಮನೆಯನ್ನು ಸಜ್ಜು ಮಾಡಿದೆವು. ಬಚ್ಚಲಿಗೆ ಚಿಲಕವಿಲ್ಲ, ಸ್ಕೂಟರಿನ ಬದಲು ಸಿಟಿಬಸ್ಸು, ಪಣಂಬೂರಿನ ಕಡಲತೀರಕ್ಕೆ ಹೋದರೂ ನೀರಿಗಿಳಿಯುವಂತಿಲ್ಲ. ಕ್ಯಾಲೆಂಡರಿನಲ್ಲಿ ಡೋಸ್ ಬದಲಾಗುವ ತಾರೀಕುಗಳಿಗೆ ಗುರುತು. 25, 50, 100ರ ಮಾತ್ರೆಗಳು ಬೇರೆ ಬೇರೆ ಸಿಗುವುದರಿಂದ ಅಂಗಡಿಯಲ್ಲೇ ಪಟ್ಟಿಯ ಮೇಲಿನ ಅಂಕಿ ಓದಿ ತರುವುದು. ಐದಾರು ದಿನ ಮಾತ್ರೆ ತಪ್ಪಿದರೆ ಹಳೆಯ ಡೋಸಿಗೇ ಮರಳುವಂತಿಲ್ಲ. ಡಾಕ್ಟರನ್ನು ಕೇಳಿ, ಹೆಚ್ಚಾಗಿ ಮತ್ತೆ ಮೊದಲಿನಿಂದಲೇ ಏರಬೇಕು.

ಹೊಸದಾಗಿ ಮದ್ದು ಶುರುಮಾಡುವವರು ನನ್ನನ್ನು ವಿಚಾರಿಸಿದರೆ ಡೋಸಿನ ಲೆಕ್ಕ ಹೇಳುವುದಿಲ್ಲ. ಚೀಟಿ ಕೈಗೆ ಬಂದ ಕೂಡಲೇ ಎದ್ದುಬಿಡದೆ ಡಾಕ್ಟರ ಬಳಿ ಮೂರು ಮಾತು ಬರೆಸಿಕೊಳ್ಳಿ ಎನ್ನುತ್ತೇನೆ: ಯಾವ ತಾರೀಕಿಗೆ ಎಷ್ಟು, ನಡುವೆ ಫಿಟ್ಸ್ ಬಂದರೆ ಏನು, ಯಾವ ಲಕ್ಷಣಕ್ಕೆ ಅಂದೇ ಬರಬೇಕು.